ಎರಡ್ಯಾಕ ಅಲ್ಲ

ಮಂಗಳವಾರ, ಶಹಾಬಾದ್ ಠಾಣೆ, ಮಧ್ಯಾಹ್ನ ಮೂರು.
ಫ್ಯಾನಿಗೆ ಗಾಳಿಗಿಂತ ಸದ್ದು ಹೆಚ್ಚು.
ಹೆಡ್ ಕಾನ್‌ಸ್ಟೇಬಲ್ ಜಗದೇವಿ ಮೇಡಂ
ಹಳೇ ಜೆರಾಕ್ಸಿನ ಬೆನ್ನಿಗೆ ಒಂದು ಗೆರೆ ಎಳದ್ರು,
ಈ ತುದಿಗೆ ಸೊನ್ನೆ, ಆ ತುದಿಗೆ ಹತ್ತು.
"ಸಾಯಬಣ್ಣ, ಬಿಡಬೇಕನ್ನೋದು ಎಲ್ಲಿ ತನಕ ಬಂದದ?
ಬೆರಳಿಡು."

ಬೆರಳ ತುಂಬ ಫರಸಿ ಧೂಳ,
ಇಟ್ಟಲ್ಲೆಲ್ಲ ಬೂದಿಬಣ್ಣದ ಕಲೆ.
ಹತ್ತಂದ್ರ ಸುಳ್ಳಾಗ್ತದ, ಸೊನ್ನೆ ಅಂದ್ರ ಒಳಗ ಹಾಕ್ತಾರ.
ಮೂರು ಅಂದೆ.
ಅಂದು, ಹೆಗಲು ಕಿವಿ ತನಕ ಎತ್ತಿ ಕುಂತೆ.
ಬೈಗುಳಕ್ಕ ಮೈ ಹಂಗೇ ತಯಾರಾಗ್ತದ,
ಸಣ್ಣಾಂವ ಇದ್ದಾಗಿಂದ.

"ಮೂರಾ? ಎರಡ್ಯಾಕ ಅಲ್ಲ?"

ನನ್ನ ಕಡೆ ಏನಿಲ್ಲ ಅಂತ ಹೇಳಿದವರು ಭಾಳ ಮಂದಿ:
ಮಾಸ್ತರ, ಸೋದರಮಾವ, ಮಶೀನಿನ ಮಾಲಕ.
ಏನದ ಅಂತ ಕೇಳಿದ್ದು ಈ ಖಾಕಿ.
ಎರಡಕ್ಕೂ ಮೂರಕ್ಕೂ ನಡುವ
ಕಿಸೆ ತಡವಿದಂಗ ತಡವಿದೆ.
ಸಿಕ್ಕಿದ್ದು ತಂಗಿ ಸಿದ್ದಮ್ಮ.
ನಾ ಮಲಗಿದ ಮ್ಯಾಲ ನಡುರಾತ್ರಿ ಎದ್ದು
ಮೂಗಿನ ಹತ್ರ ಅಂಗೈ ಹಿಡದು ನೋಡ್ತಾಳ.
ನಿದ್ದಿ ಬಂದಂಗ ಮಾಡ್ತೀನಿ.
ಅದನ್ನ ಹೇಳ್ದೆ. ಮೇಡಂ ಬರಕೊಂಡ್ರು,
ಮೂರರ ನೆತ್ತಿ ಮ್ಯಾಲ, ಒಂದೇ ಶಬ್ದ: ಉಸಿರು.

ಶುರು ಆದದ್ದು ಕೆಮ್ಮಿಂದ.
ಪಾಲಿಷ್ ಮಶೀನು ನೀರು ಕುಡೀತದ, ಕಲ್ಲು ನೀರು ಕುಡೀತದ,
ಧೂಳು ಕುಡಿಯೋರು ನಾವು.
ಸ್ಟೇಶನ್ ಹಿಂದಿನ ಮೆಡಿಕಲ್ಲಿನಾಂವ
ಸಣ್ಣ ಬಾಟ್ಲಿ ಕೊಟ್ಟು ಎರಡು ಮುಚ್ಚಳ ಅಂದ.
ಎರಡು ಮುಚ್ಚಳ ಅರ್ಧ ಬಾಟ್ಲಿ ಆತು, ಅರ್ಧ ಇಡೀ ಆತು,
ಆಮ್ಯಾಲ ಕೆಮ್ಮು ಇಲ್ಲದ ದಿನಾನೂ
ಅಂಗಡಿ ಮುಂದ ನಿಂತು ಕೆಮ್ಮಿ ತೋರಿಸ್ತಿದ್ದೆ.

ಹಿಡದಾಗ ಚೀಲದಾಗ ನಾಕು ಇದ್ವು.
ಎರಡು ಕಾಗದ ಮುಂದಿಟ್ರು.
ಒಂದು ಕೋರ್ಟಿಗೆ ಹೋಗೋದು, ಒಂದು ಇಲ್ಲಿಗೆ ಬರೋದು,
ಹದಿನಾರು ಮಂಗಳವಾರ.
ಬರೋದಕ್ಕ ಸಹಿ ಹಾಕ್ದೆ.
ಸುಧಾರಿಸಬೇಕಂತ ಅಲ್ಲ, ಖರೇ ಹೇಳ್ತೀನಿ, ಹೆದರಿಕಿಗೆ.
ಎರಡನೇ ವಾರ ಚಾಕ್ಕಂತ ಬಂದೆ.
ಮೂರನೇ ವಾರ ಹೊರಗ ನಲವತ್ಮೂರು ಡಿಗ್ರಿ, ಫ್ಯಾನಿಗಂತ ಬಂದೆ.
ನಾಕನೇ ವಾರ ಬರಲಿಲ್ಲ.
ಐದಕ್ಕೂ ಇಲ್ಲ. ಫೋನು ನಡಗ್ತಾನೇ ಇತ್ತು,
ಮಾರಿ ಕೆಳಗ ಮಾಡಿ ಇಟ್ಟೆ.

ಮೇಡಂ ಬಂದ್ರು. ಖಾಕಿ ಇಲ್ಲ, ಹಸರು ಸೀರಿ.
ಮಶೀನಿನ ಗದ್ದಲದಾಗ ನಿಂತು ಮಾಲಕಗ
"ಬಚ್ಚಲಕ್ಕ ಫರಸಿ ಬೇಕ್ರಿ, ರೇಟ್ ಹೇಳ್ರಿ" ಅಂದ್ರು.
ಕಲ್ಲು ಮುಟ್ಟಿದ್ರು, ತಿರುವಿದ್ರು, ದುಬಾರಿ ಆತಂದ್ರು.
ಎಲ್ಲಾರ ಮುಂದ ನನ್ನ ಗುರ್ತು ಹಿಡೀಲಿಲ್ಲ.
ಹೋಗೂ ಮುಂದ, ನನಗಷ್ಟೇ ಕೇಳಂಗ:
"ಮಂಗಳವಾರ ಮತ್ತ ಬರ್ತದಪಾ."

ಆರನೇ ವಾರ ಹೋಗಿ ಕೇಳ್ದೆ: ಆ ಕೋರ್ಟಿನ ಕಾಗದ?
"ಡ್ರಾದಾಗ ಅದ. ನಿನಗ ಸುಳ್ಳ್ಯಾಕ ಹೇಳ್ಲಿ.
ಹೆದರಿ ಬಾ, ಚಾಕ್ಕ ಬಾ, ಫ್ಯಾನಿಗೆ ಬಾ.
ಕಾರಣ ಎಣಸಂಗಿಲ್ಲ ನಾ, ಬಂದ ಕಾಲು ಎಣಸ್ತೀನಿ."

ಹನ್ನೊಂದು ಮಂದಿ ಸಹಿ ಹಾಕಿದ್ವಿ. ಈಗ ಬೆಂಚಿನ ಮ್ಯಾಲ ಐದು.
ವಾಡಿಯ ಮಸ್ತಾನ ಎತ್ತ ಹೋದ ಗೊತ್ತಿಲ್ಲ.
ಮೇಡಂ ವಾರಾ ವಾರಾ ಅವನ ಹೆಸರೂ ಕರೀತಾರ,
ಕರದು, ತಲಿ ಎತ್ತಿ ಬಾಗಿಲ ಕಡೆ ಒಮ್ಮಿ ನೋಡಿ
ಮುಂದಿನ ಹೆಸರಿಗೆ ಹೋಗ್ತಾರ.

ಇವತ್ತು ನನ್ನ ಬೆರಳು ಐದಕ್ಕ ನಿಂತಿತು.
ನಿನ್ನೆ ರಾತ್ರಿ ಒಂದಿತ್ತು. ಅದನ್ನೂ ಹೇಳ್ದೆ.
ಮೆಡಿಕಲ್ ದಾರಿ ಬಿಟ್ಟು
ರೇಲ್ವೆ ಗೇಟಿನ ದಾರಿ ಹಿಡದೀನಿ ಮನಿಗೆ ಹೋಗಲಕ್ಕ,
ಹನ್ನೊಂದು ಮಿನಿಟು ಹೆಚ್ಚಿಗಿ.
ನೋಡಿದ್ರ ಗೇಟು ಬಿದ್ದದ.
ಇಲ್ಲಿ ನಿಂತ್ರ ಆ ಅಂಗಡಿಯ ಹಸರು ದೀಪ ಕಾಣ್ತದ,
ಮೊದಲು ಹಿಂಗ ಕಾಣ್ತದಂತ ಗೊತ್ತಿರಲಿಲ್ಲ.
ಸಿಮೆಂಟಿನ ಗೂಡ್ಸು ಬರ್ಲಾಕತ್ತದ, ತುದಿ ಇಲ್ಲ ಮೊದಲಿಲ್ಲ.
ಗಂಟಲು ಕೆರೀತದ,
ಖರೇ ಕೆಮ್ಮೋ ಸುಳ್ಳ ಕೆಮ್ಮೋ ನನಗೇ ತಿಳೀವಲ್ದು.
ಡಬ್ಬಿ ಎಣಸ್ತೀನಿ.
ಹದಿನಾರು, ಹದಿನೇಳು,
ಹದಿನೆಂಟು