ಕಾಟನ್‌ಪೇಟೆಯ ತಕ್ಕಡಿ

ನಮ್ಮಪ್ಪ ಮುನಿನಂಜಪ್ಪ
ಲೋಕದ ಇಬ್ಬರು ದೊಡ್ಡಣ್ಣಂದಿರನ್ನೂ
ಆರೂವರೆ ಅಡಿ ಅಗಲದ ರದ್ದಿ ಅಂಗಡಿಯಲ್ಲಿ
ಒಂದೇ ಕಬ್ಬಿಣದ ತಕ್ಕಡಿಗೆ ಹಾಕಿ ತೂಗಿದವನು.

ಸೋಮವಾರ ರಷ್ಯಾ ಬರುತ್ತಿತ್ತು:
ಹೊಳೆವ ಕಾಗದ, ಗೋಧಿತೆನೆ ತಬ್ಬಿ ನಗುವ ಹೆಂಗಸರು,
ಅಣೆಕಟ್ಟು, ಟ್ರಾಕ್ಟರು, ಆಕಾಶಕ್ಕೆ ಹೋಗಿಬಂದ ನಾಯಿಗಳು.
ಗುರುವಾರ ಅಮೆರಿಕ:
ಇನ್ನೂ ಹೊಳೆವ ಕಾಗದ, ಬೀರುವಿನಷ್ಟೆತ್ತರ ಫ್ರಿಜ್ಜು, ಉದ್ದನೆ ಕಾರು,
ಚಂದ್ರನ ಮೇಲೆ ಬಿಟ್ಟುಬಂದ ಬೂಟಿನ ಗುರುತು.
ಎರಡಕ್ಕೂ ಕೇಜಿಗೆ ಒಂದೇ ರೇಟು.
"ಬಣ್ಣ ಜಾಸ್ತಿ ಇದ್ರೆ ತೂಕ ಜಾಸ್ತಿ, ಅಷ್ಟೆ.
ಪೊಟ್ಟಣಕ್ಕೆ ಬರಲ್ಲ, ಎಣ್ಣೆ ಹೀರಲ್ಲ" ಅನ್ನುತ್ತಿದ್ದ.

ಜೂನಿನಲ್ಲಿ ಮಾತ್ರ ರಷ್ಯಾ ಗೆಲ್ಲುತ್ತಿತ್ತು.
ಅದರ ಹಾಳೆ ಅಗಲ, ಪುಸ್ತಕಕ್ಕೆ ಒಂದೇ ಸಾಕು.
ಇಡೀ ತರಗತಿಯ ಗಣಿತ ವೋಲ್ಗಾ ನದಿಯನ್ನು ಹೊದ್ದು ಕೂತಿರುತ್ತಿತ್ತು.
ನನ್ನ ಭೂಗೋಳಕ್ಕೆ ಒಬ್ಬ ಸೈನಿಕನ ಅರ್ಧ ಮುಖ ಬಂತು,
ಉಳಿದರ್ಧ ಮಡಿಕೆಯೊಳಗೆ.
ವರ್ಷವಿಡೀ ಒಂದೇ ಕಣ್ಣಲ್ಲಿ ನೋಡಿದ.

ತಕ್ಕಡಿಯ ಎಡತಟ್ಟೆ ಹುಟ್ಟಾ ಹಗುರ.
ಅಪ್ಪ ಅದರ ತಳಕ್ಕೆ ಹುಣಸೆಹಣ್ಣಿನ ಉಂಡೆ ಮೆತ್ತಿದ್ದ.
ಬೇಸಿಗೆಯಲ್ಲಿ ಒಣಗಿ, ಮಳೆಗಾಲದಲ್ಲಿ ನೀರು ಕುಡಿದು
ನ್ಯಾಯ ತುಸು ಆಕಡೆ ಈಕಡೆ ಆಗುತ್ತಿತ್ತು.
ತೂಕ-ಅಳತೆ ಇಲಾಖೆಯವನು ಬಂದ ದಿನ
ಆ ಉಂಡೆಯನ್ನು ನನ್ನ ಬಾಯಿಗೆ ಹಾಕಿ
"ಚೀಪು" ಅಂದ.

ಎಪ್ಪತ್ತೊಂದರ ಡಿಸೆಂಬರು.
ಬಿನ್ನಿ ಮಿಲ್ಲಿನ ಸೈರನ್ನು ಹೊತ್ತಲ್ಲದ ಹೊತ್ತಲ್ಲಿ ಕೂಗಿತು.
ಬಂಗಾಳ ಕೊಲ್ಲಿಗೆ ಅಮೆರಿಕದ ಹಡಗು ಬರ್ತಿದೆಯಂತೆ,
ಅದರ ಬೆನ್ನಿಗೇ ರಷ್ಯಾದ್ದೂ ಅಂತೆ.
ಕಿಟಕಿಗೆ ಅಂಟಿಸಲು ಕಾಗದ ಕೇಳಿ ಜನ ಬಂದರು.
ಅಪ್ಪ ಕೊಟ್ಟದ್ದು ಇದ್ದದ್ದನ್ನೇ.
ಆ ರಾತ್ರಿ ನಮ್ಮ ಬೀದಿಯ ಗಾಜುಗಳ ಮೇಲೆಲ್ಲ
ಕಾರು, ತೆನೆ, ಫ್ರಿಜ್ಜು, ನಾಯಿ.
ದೀಪ ಆರಿದ ಮೇಲೆ
ಯಾವುದು ಯಾರದೆಂದು ಗೊತ್ತಾಗಲಿಲ್ಲ.

ಆಮೇಲೊಂದು ವರ್ಷ ವೆಂಕೋಬರಾಯರು
ಸೈಕಲ್ಲಿನ ಕ್ಯಾರಿಯರಿಗೆ ಸುರುಳಿ ಕಟ್ಟಿ ತಂದರು.
"ಗೌರಿಬಿದನೂರ ಬಂಡೆಗಳಲ್ಲಿ ಸರ್ಕಾರ ಕಿವಿ ಹೂತಿದೆ,
ಭೂಮಿ ಆಚೆ ಮಗ್ಗುಲಲ್ಲಿ ಕೆಮ್ಮಿದರೂ ಕೇಳತ್ತೆ."
ಬಿಚ್ಚಿದರೆ ಬರೀ ಗೆರೆ, ಗೆರೆ, ಗೆರೆ,
ಎಲ್ಲೋ ಒಂದೆಡೆ ಇರುವೆ ಎಡವಿದ ಹಾಗೆ ನಡುಕ.
ರಾಯರು ಬೆರಳಿಟ್ಟರು: "ಇದು ಅವರು. ನೆಲದಡಿ ಸಿಡಿಸಿದ್ದು."
ಮೊಳ ದೂರದಲ್ಲಿ: "ಇದು ಇವರ ಉತ್ತರ."
"ಭೂಕಂಪ ಇರಬಾರದಾ?"
"ಭೂಕಂಪ ಗೊಣಗುತ್ತ ಬರತ್ತೆ, ಮುನಿನಂಜಪ್ಪ.
ಇದು ಒಂದೇ ಏಟು. ಬಾಗಿಲು ಬಡಿದಂಗೆ."
ಅಪ್ಪ ಕಾಗದವನ್ನು ಉಜ್ಜಿದ, ಮೂಸಿದ.
"ಇದು ಎಣ್ಣೆ ಹೀರತ್ತೆ ರಾಯರೇ. ನಾಲ್ಕಾಣೆ ಜಾಸ್ತಿ ಕೊಡ್ತೀನಿ."

ಸಂಜೆ ಖಾಸಿಂಬಿಯ ತಳ್ಳುಗಾಡಿಯಲ್ಲಿ
ಯಾವುದೋ ಮರುಭೂಮಿಯ ಹೊಟ್ಟೆನೋವು
ಸುತ್ತಿ ಸುತ್ತಿ ಪೊಟ್ಟಣವಾಯಿತು.
ಹತ್ತು ಪೈಸೆಯ ಬಿಸಿ ಕಡಲೆಕಾಯಿ.
ತಳದಲ್ಲಿ ಉಪ್ಪು ಉಳಿದಿತ್ತು, ನೆಕ್ಕಿದೆ.

ತೊಂಬತ್ತೆರಡರ ಜೂನು.
ಅಪ್ಪ ಬಾಗಿಲಲ್ಲಿ ನಿಂತು,
"ಯಾಕೋ ಆ ಅಗಲದ ಕಾಗದವೇ ಬರ್ತಿಲ್ಲ" ಅಂದ.
ಆ ದೇಶ ಇಲ್ಲವಾದದ್ದು ಪೇಪರಿನಲ್ಲಿ ಆರು ತಿಂಗಳ ಹಿಂದೆಯೇ ಬಂದಿತ್ತು.
ಅಪ್ಪ ಪೇಪರು ಓದುತ್ತಿರಲಿಲ್ಲ,
ತೂಗುತ್ತಿದ್ದ.

ತಕ್ಕಡಿ ಈಗ ಕೆಂಗೇರಿಯಲ್ಲಿ, ನನ್ನ ಬಾಲ್ಕನಿಯಲ್ಲಿ.
ತಟ್ಟೆಗಳಿಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದೇನೆ.
ಎಡದ್ದು ಇನ್ನೂ ಮೇಲೆಯೇ.
ಕೆಳಗೆ ಲಾರಿ ಹೋದರೆ ಎರಡೂ ನಡುಗುತ್ತವೆ,
ನನ್ನ ಬಾಯಲ್ಲಿ ಹುಳಿನೀರು ಬರುತ್ತದೆ.
ಆ ಉಂಡೆಯನ್ನು ಅವತ್ತು ನುಂಗಿದೆನೋ,
ಅವನು ಹೋದ ಮೇಲೆ ಅಪ್ಪನ ಅಂಗೈಗೆ ಉಗಿದೆನೋ,
ನೆನಪಿಲ್ಲ.