ಎರಡು ಸ್ಕ್ರೀನಿನ ದುಡ್ಡು

ನಿಟ್ಟೂರಿನ ಮೊದಲ ಬಸ್ಸಿಗೇ ಬಂದಿದ್ದಳು ಹೂವಮ್ಮ.
ದುರ್ಗಿಗುಡಿಯ ನನ್ನ ಅಂಗಡಿ ಶಟರ್ ಎತ್ತುವ ಮೊದಲೇ
ಮೆಟ್ಟಿಲ ಮೇಲೆ ಕೂತಿದ್ದಳು, ಮಡಿಲಲ್ಲಿ ಬಾಟಲಿ.
ಸೆರಗಿನಿಂದ ಅದರ ಕುತ್ತಿಗೆ ಒರೆಸಿ
'ಜೋನಿ ಬೆಲ್ಲ. ಹನ್ನೊಂದು ಹೆಂಗಸರು ಸೇರಿ ಕಾಯಿಸಿದ್ದು.
ಇದಕ್ಕೊಂದು ಮುಖ ಮಾಡಿಕೊಡು' ಅಂದಳು.

ಮುಖದಲ್ಲಿ ಏನೇನಿರಬೇಕು ಅಂತ
ಅವಳ ಮಗಳು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟಿದ್ದಳು:
ಕಬ್ಬು, ಗಾಣ, ಕೊಪ್ಪರಿಗೆ, ಕೊಪ್ಪರಿಗೆಯಡಿ ಬೆಂಕಿ,
ಹಿಂದೆ ಗುಡ್ಡ, ಗುಡ್ಡದ ಹಿಂದೆ ಸೂರ್ಯ,
ಸಂಘದ ಹೆಸರು ಬಂಗಾರದ ಅಕ್ಷರದಲ್ಲಿ,
ಜಾಗ ಉಳಿದರೆ ಒಂದು ನವಿಲು.

ನಾನು ಲೆಕ್ಕ ಹೇಳಿದೆ. ಬಣ್ಣಕ್ಕೊಂದು ಸ್ಕ್ರೀನು,
ಸ್ಕ್ರೀನಿಗೆ ಆರುನೂರು.
ಒಣಗಲು ಬಣ್ಣಕ್ಕೊಂದು ದಿನ, ಈ ಥಂಡಿಯಲ್ಲಿ ಎರಡು.
ನನ್ನ ಉಸ್ತಾದ್ ಜಬೀವುಲ್ಲಾ ಸಾಬರ ಮಾತನ್ನೂ ಹೇಳಿದೆ:
ಮೂರು ಸಾಕು ಬೇಟಾ.
ಒಂದು, ಊರಿನಷ್ಟು. ಒಂದು, ಕೇರಿಯಷ್ಟು.
ಇನ್ನೊಂದು, ಆ ಕೇರಿಯಲ್ಲಿ ದೀಪ ಹಚ್ಚಿದ ಒಂದೇ ಮನೆಯಷ್ಟು.
ನಾಲ್ಕನೆಯದು ಬಂತೋ, ಪಂಚಾಯ್ತಿ ಸೇರುತ್ತೆ.

ಭದ್ರಾವತಿಯ ಕಬಡ್ಡಿ ಹುಡುಗರು ಕೇಳಲಿಲ್ಲ,
ಜೆರ್ಸಿಗೆ ಏಳು ಬಣ್ಣ ಹಾಕಿಸಿದರು.
ಮೊದಲ ಒಗೆತಕ್ಕೆ ಏಳೂ ಕೂಡಿಕೊಂಡು
ಮುಸುರೆ ನೀರಿನ ಬಣ್ಣವಾಯಿತು.
ಫೈನಲ್ಲು ಅದರಲ್ಲೇ ಆಡಿದರು.
ಗೆದ್ದರು ಕೂಡ, ಆ ಮಾತು ಬೇರೆ.

ಹೂವಮ್ಮ ನಕ್ಕಳು. 'ಸೀರೆ ಉಡುವವರಿಗೆ ಇದನ್ನ ಹೇಳ್ತೀಯಲ್ಲ ಮಾರಾಯ.
ಒಡಲು, ಅಂಚು, ಸೆರಗು. ಮೂರೇ ಅಲ್ಲವಾ?
ನಮ್ಮತ್ತೆ ಒಡಲು ಹರಿದ ಸೀರೆಯ ಅಂಚು ಬಿಚ್ಚಿ
ಇನ್ನೊಂದಕ್ಕೆ ಹೊಲೀತಿದ್ದಳು, ಅದು ಹರಿದರೆ ಮತ್ತೊಂದಕ್ಕೆ.
ಗದ್ದೆಯ ಆ ಬದಿಯಿಂದಲೇ ಅಂಚು ಕಂಡು
ಅಗೋ ಸಣ್ಣಮ್ಮ ಬಂದಳು ಅಂತಿದ್ದರು.'

ಆಮೇಲೆ ಎಲೆಚೀಲ ಬಿಚ್ಚಿ ಎಣಿಸಿದಳು.
ಎರಡು ಸ್ಕ್ರೀನಿನ ದುಡ್ಡು.
ಬಸ್ ಚಾರ್ಜು ತೆಗೆದರೆ ಮೂರನೆಯದಕ್ಕೆ ನಲವತ್ತು ರೂಪಾಯಿ.

ನವಿಲು ಮೊದಲು ಹಾರಿತು. ಸೂರ್ಯ, ಗುಡ್ಡ, ಬೆಂಕಿ
ಎಲ್ಲವನ್ನೂ ಅವಳೇ ಹಾಳೆಯ ಮೇಲೆ ಬೆರಳಾಡಿಸಿ ತೆಗೆದಳು
ನೆಲ ಸಾರಿಸಿದ ಹಾಗೆ.
ಉಳಿದದ್ದು ಒಂದು ಹಸಿರು, ಕಬ್ಬಿನ ಸೋಗೆಯದು.
ಅಕ್ಷರಕ್ಕೆ ಒಂದು ಬಿಳಿ.
ಬೆಲ್ಲದ ಬಣ್ಣವೇ ಇಲ್ಲದೆ ಹೇಗೆ?
ಕೆಂಪಿಗೆ ಹಳದಿ, ಚೂರು ಕಪ್ಪು,
ಡಬ್ಬಿಯ ಮುಚ್ಚಳದಲ್ಲಿ ಕಲಸಿ ತೋರಿಸಿದೆ, ಮೂರು ಸಲ.
ಮೂರು ಸಲವೂ ಮುಖ ತಿರುಗಿಸಿದಳು.
'ಅದು ಬಾಗಿಲಿಗೆ ಹೊಡೆಯೋ ಬಣ್ಣ.
ಬೆಲ್ಲ ಒಳಗೇ ಉಂಟಲ್ಲ, ಮೇಲೆ ಎಂತಕ್ಕೆ ಬರೀತೀಯ?
ಅಲ್ಲೊಂದು ಕಿಂಡಿ ಬಿಡು.'

ಪಾರದರ್ಶಕ ಹಾಳೆ ತಂದೆ.
ಹಸಿರು ಎಳೆದೆ, ಒಣಗಿತು. ಬಿಳಿ ಎಳೆದೆ.
ನಡುವೆ ಹೆಬ್ಬೆರಳಿನಷ್ಟು ಜಾಗ ಮುಟ್ಟಲಿಲ್ಲ.
ಇಪ್ಪತ್ತೆರಡು ವರ್ಷ ಅಚ್ಚು ಹಾಕಿದ ಕೈ
ಅಚ್ಚು ಹಾಕದ ಜಾಗಕ್ಕೆ ಅವತ್ತು ನಡುಗಿತು.
ಬಾಟಲಿಗೆ ಅಂಟಿಸಿ ಬಾಗಿಲ ಬಿಸಿಲಿಗೆ ಹಿಡಿದೆ:
ಕಿಂಡಿಯೊಳಗೆ ಬೆಲ್ಲ ಹೊತ್ತಿಕೊಂಡಿತು,
ಕೇರಿಯಲ್ಲಿ ಒಂದೇ ಮನೆ.
ಸಾಬರು ಇದ್ದಿದ್ದರೆ ಬೀಡಿ ಆರಿಸಿ ನೋಡುತ್ತಿದ್ದರು.

ಒಂದು ಬಾಟಲಿ ನನಗೇ ಬಿಟ್ಟುಹೋದಳು.
ದೋಸೆಗೆ ಸುರಿದಷ್ಟೂ ಮೂರನೆಯ ಬಣ್ಣ ಇಳಿಯಿತು.
ಕಿಂಡಿಯ ಕೆಳ ಅಂಚಿನಲ್ಲಿ ಉಗುರಿನಷ್ಟಾಗಿ
ಎರಡು ದಿನ ನಿಂತು, ಮುಗಿಯಿತು.

ತೊಳೆದು ಕಿಟಕಿಯ ಹಲಗೆಯ ಮೇಲಿಟ್ಟಿದ್ದೇನೆ.
ಈಗ ಅದರ ಹಿಂದೆ ರಸ್ತೆ.
ಹಸಿರು, ಬಿಳಿ, ಆಮೇಲೆ ಒಮ್ಮೆ ಆಟೋದ ಹಳದಿ,
ಒಮ್ಮೆ ಶಾಲೆ ಬಿಟ್ಟ ನೀಲಿ.
ನಿನ್ನೆ ಮಧ್ಯಾಹ್ನ ತುಂಬ ಹೊತ್ತು ಏನೂ ಇಲ್ಲ.

ಮುಂದಿನ ವಾರ ಬರುತ್ತಾಳಂತೆ, ಐನೂರು ಲೇಬಲ್ಲಿಗೆ.
ಮೂರನೇ ಸ್ಕ್ರೀನಿನ ದುಡ್ಡು ಕೂಡಿದೆಯಂತೆ.
ನವಿಲು ಬೇಕಂತೆ.