ಎಡಕ್ಕೆ, ಇನ್ನೊಂದಿಷ್ಟು

ವೋಲ್ಟಾ ಸರೋವರದ ತಳದಲ್ಲಿ ಒಂದು ಕಾಡು ನಿಂತಿದೆ,
ಅಣೆಕಟ್ಟು ಕಟ್ಟಿದ ಕಾಲಕ್ಕೆ ಮುಳುಗಿದ್ದು.
ಸತ್ತರೂ ಬೀಳದ ಮರಗಳು.
ನೀರಿಗಿಂತ ಗೇಣು ಕೆಳಗೆ ಅವುಗಳ ತುದಿ;
ನನ್ನ ತಮ್ಮ ಎಟ್ಸೆಯ ದೋಣಿ ಸೀಳಿದ್ದು ಅಂಥದೇ ಒಂದು.

ನಾನು ಹಿಂದೆ ಕೂತು ಚುಕ್ಕಾಣಿ ಹಿಡಿಯುವವನು.
ಮುಂದೆ ಗೆಣಸಿನ ರಾಶಿ, ಎರಡು ಮೇಕೆ,
ತಕ್ಕಡಿಯ ಮೇಲೆ ತಲೆಯಿಟ್ಟು ನಿದ್ದೆ ಹೋದ ಅಫಿ.
ಕಣ್ಣಿಗೆ ಪೊರೆ ಬಂದು ಎರಡು ವರ್ಷ.
ಮೂತಿಯಲ್ಲಿ ಮಗಳು ಎಸಿನಮ್, ಕೈಯಲ್ಲಿ ಉದ್ದ ಗಳ:
ಎಡಕ್ಕೆ ಅಂದರೆ ಎಡಕ್ಕೆ. ನಿಲ್ಲು ಅಂದರೆ ಮೋಟಾರು ಬಂದ್.

ಮೊದಮೊದಲು ವಾದಿಸುತ್ತಿದ್ದೆ.
ನಲವತ್ತು ವರ್ಷದ ನೀರು ನನ್ನದು, ಏ ಹುಡುಗೀ.
ಒಂದು ಸಲ ಹಟಕ್ಕೆ ಬಲಕ್ಕೆ ತಿರುಗಿಸಿದೆ;
ಆ ಶಬ್ದ ಈಗಲೂ ನನ್ನ ಹಲ್ಲಿನಲ್ಲಿದೆ.
ಅವಳು ಬೈಯಲಿಲ್ಲ. ನೀರು ಮೊಗೆಮೊಗೆದು ಚೆಲ್ಲುತ್ತ
ಮತ್ತೆ ಅದೇ ದನಿ: ಎಡಕ್ಕೆ, ಇನ್ನೊಂದಿಷ್ಟು.

ಕರ್ತನೇ, ಭಾನುವಾರ ತಗಡಿನ ದೇವಾಲಯದಲ್ಲಿ
ನಿನ್ನ ಹತ್ತಿರ ನಾನು ಕೇಳಿದ್ದು ಇಡೀ ನೀರಿನ ನಕ್ಷೆ.
ಯಾವ ಮೋಟುಮರ ಎಲ್ಲಿ, ಕಣ್ಣು ಯಾವಾಗ ಪೂರ್ತಿ ಹೋಗುತ್ತದೆ,
ಮೋಟಾರಿನ ಸಾಲ ಯಾವ ತಿಂಗಳಿಗೆ ತೀರುತ್ತದೆ.
ನೀನು ಕೊಟ್ಟದ್ದು ಬೆಳಿಗ್ಗೆ ಒಂದೇ ಮಾತು:
ಅಫಿಯ ಬಾಕಿ ಈ ವಾರ ಕೇಳಬೇಡ.
ಅಷ್ಟೆ. ಕೇಳಲಿಲ್ಲ.
ಯಾಕೆಂದು ಇನ್ನೂ ಗೊತ್ತಾಗಿಲ್ಲ.

ಎಸಿನಮ್ ಎಂದರೆ ನಮ್ಮ ಮಾತಿನಲ್ಲಿ
ಆತ ನನ್ನನ್ನು ಆಲಿಸಿದ ಎಂದು.
ಹೆಸರಿಟ್ಟವನು ನಾನೇ. ಆಲಿಸುವುದೆಲ್ಲ
ನಿನ್ನ ಪಾಲಿನ ಕೆಲಸ ಅಂದುಕೊಂಡಿದ್ದೆ.

ಬಿಸಿಲು ನೀರಿಗೆ ಬಿದ್ದು ಏನೂ ಕಾಣುತ್ತಿಲ್ಲ.
ಗಳ ಎಲ್ಲೋ ಟಕ್ ಅನ್ನುತ್ತಿದೆ.
ಹೇಳು, ಮಗಳೇ.